ಮಧ್ಯರಸ್ತೆಯಲ್ಲಿ ತೆರೆದ ಬಾಗಿಲು

ಲಾ ಪಾಸ್
ಗುರುವಾರ, ಆಗಸ್ಟ್ ೧೪

ಸತುರ್ನೀನೊ,

‘ಪ್ರಿಯ’ ಎಂದು ಬರೆದೆ, ನಾಚಿಕೆಯಾಗಿ ಹೊಡೆದು ಹಾಕಿದೆ, ಮತ್ತೆ ಬರೆದೆ, ಹಾಳೆ ತೂತಾಯಿತು. ಇದು ಎರಡನೆಯ ಹಾಳೆ. ‘ಪ್ರಿಯ’ ಇದೆ ಎಂದೇ ಓದಿಕೊ. ಒಂದೂವರೆ ವರ್ಷದಿಂದ ಒಂದು ಸಾಲೂ ಬರೆಯದ ಹೆಂಡತಿಗೆ ಈಗೇನು ಬಂತು ಎಂದು ಹುಬ್ಬೇರಿಸಬೇಡ. ಶನಿವಾರ ಮಿನಿಬಸ್ ಡ್ರೈವರುಗಳ ಸಂಘದ ಸಭೆಯಲ್ಲಿ ನಿನ್ನನ್ನು ಲೈನಿನಿಂದ ತೆಗೆದುಹಾಕುವ ಮಾತು ಬರಲಿದೆಯಂತೆ. ಆ ಸುದ್ದಿ ಬೆಟ್ಟ ಹತ್ತಿ ಎಲ್ ಆಲ್ತೊದಲ್ಲಿರುವ ನನ್ನ ಅಕ್ಕನ ಮನೆಯವರೆಗೂ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸೊಂಟನೋವು ಹೇಗಿದೆ ಎಂದು ಕೇಳುವುದಿಲ್ಲ. ಹೇಗಿದೆ ಎಂದು ನನಗೆ ಗೊತ್ತು. ಎಡಗಡೆಗೆ ವಾಲಿ ಕೂರುತ್ತೀಯ, ಬೆನ್ನಿಗೆ ಆ ಹಸಿರು ದಿಂಬು ಇಟ್ಟುಕೊಂಡಿದ್ದೀಯ. ಹೋದ ತಿಂಗಳು ಮೀಸೆ ಬೋಳಿಸಿದೆ, ಅದು ನಿನಗೆ ಒಪ್ಪುವುದಿಲ್ಲ. ವಾರಕ್ಕೆ ಐದು ದಿನ, ಬೆಳಿಗ್ಗೆ ಏಳೂವರೆಯ ಆಸುಪಾಸಿಗೆ, ನಾನು ನಿನ್ನನ್ನು ನಾಲ್ಕು ಹೆಜ್ಜೆ ದೂರದಿಂದ ನೋಡುತ್ತೇನೆ. ಪೆರೆಸ್ ಇಳಿಜಾರಿನ ಕೆಳಗಿನ ದಾಟುವ ಪಟ್ಟೆಯಲ್ಲಿ ಜೀಬ್ರಾ ವೇಷ ಹಾಕಿಕೊಂಡು ಜನರನ್ನು ರಸ್ತೆ ದಾಟಿಸುವವರು ಇಬ್ಬರಿದ್ದಾರಲ್ಲ, ಒಬ್ಬಳು ಸಣಕಲಿ, ಚೆನ್ನಾಗಿ ಕುಣಿಯುತ್ತಾಳೆ. ಇನ್ನೊಬ್ಬಳು ದಪ್ಪ, ತಾಳ ತಪ್ಪುತ್ತಾಳೆ. ಆ ದಪ್ಪನೆಯವಳು ನಾನು.

ಈಗ ಕೂತು ನೆನಪು ಮಾಡಿಕೊ. ಮೇ ತಿಂಗಳಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನಮ್ಮಾ ದಪ್ಪ ಜೀಬ್ರಾ, ನಿಂಗೆ ಬೆಳಿಗ್ಗೆ ಬೆಳಿಗ್ಗೆನೇ ಹುಲ್ಲು ಜಾಸ್ತಿ ಹಾಕ್ತಾರಾ?” ಎಂದು ಕೇಳಿದವನು ನೀನೇ ತಾನೇ? ಬಟ್ಟೆಯ ತಲೆಯೊಳಗೆ ನನಗೆ ಬೆಂಕಿ ಹತ್ತಿತು. ಆದರೆ ಜೀಬ್ರಾ ಬಯ್ಯುವಂತಿಲ್ಲ. ಬಾಲ ಹಿಡಿದು ನಿನ್ನತ್ತ ತಿರುಗಿಸಿದೆ, ನೀನು ನಕ್ಕೆ. ನಿನ್ನ ನಗು ನೋಡಿ ಎಷ್ಟು ದಿನವಾಗಿತ್ತು ಎಂದು ಲೆಕ್ಕ ಹಾಕುತ್ತಾ ಇಡೀ ಒಂದು ಕೆಂಪು ದೀಪ ಕಳೆದೆ.

ಈ ಕೆಲಸಕ್ಕೆ ಸೇರಲು ಹೋದಾಗ ತರಬೇತಿ ಕೊಡುವ ಲಿಸೆತ್ ಎಂಬ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಮ್ಮಾ, ಇಲ್ಲಿ ಎಲ್ರೂ ಇಪ್ಪತ್ತರೊಳಗಿನೋರು. ನಿಮಗೆ ಕುಣಿಯೋಕೆ ಬರುತ್ತಾ?” ಅಂದಳು. ಕೂಗಲು ಬರುತ್ತದೆ, ಹದಿನೆಂಟು ವರ್ಷ ಗಂಡನ ಮಿನಿಬಸ್ಸಿನ ಬಾಗಿಲಲ್ಲಿ ನಿಂತು ‘ಪೆರೆಸ್, ಪೆರೆಸ್, ಪ್ರಾದೊ!’ ಎಂದು ಕೂಗಿದ್ದೇನೆ ಎಂದೆ. “ಅದೇ ಕಷ್ಟ. ಇಲ್ಲಿ ಕೂಗೋ ಹಾಗಿಲ್ಲ. ಗದರಿಸಿದ್ರೆ ಜನ ಹಟಕ್ಕೆ ಬೀಳ್ತಾರೆ, ನಗಿಸಿದ್ರೆ ಮಾತು ಕೇಳ್ತಾರೆ,” ಅಂದಳು. ನನ್ನ ಮಗಳ ವಯಸ್ಸಿನವಳು. ಅವಳ ಮುಂದೆ ನಾನು ಶಾಲೆಯ ಬೆಂಚಿನ ಮೇಲೆ ಕೂತೆ.

ಕಲಿತದ್ದು ಕಡಿಮೆಯಲ್ಲ. ಮಗುವನ್ನು ದಾಟಿಸುವಾಗ ಬೆರಳಲ್ಲ, ಮಣಿಕಟ್ಟು ಹಿಡಿಯಬೇಕು, ಬೆರಳಾದರೆ ಜಾರಿಕೊಂಡು ಓಡುತ್ತದೆ. ಹಸಿರು ಬಂತೆಂದು ನೆಗೆಯಬಾರದು. ಡ್ರೈವರ್ ನಿನ್ನ ಮುಖ ನೋಡಿದ ಎಂದು ಖಾತ್ರಿಯಾದ ಮೇಲೆ ಕಾಲು ಎತ್ತಬೇಕು. ನಿಂತ ಬಸ್ಸಿನ ಮೂತಿಯ ಮುಂದಿನಿಂದ ದಾಟಲೇಬಾರದು, ಅದು ಹೋಗುವವರೆಗೂ ಕಾಯಬೇಕು. ಒಂದು ಗಾಡಿ ನಿನಗಾಗಿ ನಿಂತಿತೆಂದು ಅದರ ಪಕ್ಕದ್ದೂ ನಿಲ್ಲುತ್ತದೆಂದು ನಂಬಬಾರದು. ಹದಿನೆಂಟು ವರ್ಷ ರಸ್ತೆಯಲ್ಲೇ ಬದುಕಿದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಗಾಡಿಯ ಒಳಗಿನಿಂದ ನೋಡಿದರೆ ನಡೆಯುವವರು ಬರೀ ಅಡ್ಡ ಬರುವವರು. ಅವರ ಕೈ ಹಿಡಿದು ನಡೆದಾಗಲೇ ಅವರಿಗೆ ಎಷ್ಟು ಭಯ ಇರುತ್ತದೆಂದು ತಿಳಿದದ್ದು.

ಆದರೆ ಸತುರ್ನೀನೊ, ನನಗಿಂತ ಮೊದಲೇ ನೀನು ಇದನ್ನೆಲ್ಲ ಕಲಿತುಬಿಟ್ಟಿದ್ದೀಯ, ಅದೂ ಯಾವ ಲಿಸೆತ್‌ಳೂ ಹೇಳಿಕೊಡದೆ. ನಮ್ಮ ಲೈನಿನ ನಲವತ್ತು ಗಾಡಿಗಳಲ್ಲಿ ಬಿಳಿ ಗೆರೆಯ ಹಿಂದೆ ನಿಲ್ಲುವುದು ನಿನ್ನದೊಂದೇ. ಉಳಿದವರು ಮೂತಿಯನ್ನು ಪಟ್ಟೆಯ ಮೇಲೆ ಚಾಚಿಕೊಂಡೇ ನಿಲ್ಲುತ್ತಾರೆ, ಮುದುಕರು ಮಕ್ಕಳು ಅದನ್ನು ಬಳಸಿಕೊಂಡು ಗಾಡಿಗಳ ನಡುವೆ ನುಸುಳಬೇಕು. ನಿನ್ನ ಗಾಡಿ ಬಂತೆಂದರೆ ಜೀಬ್ರಾಗಳಾದ ನಮ್ಮಿಬ್ಬರಿಗೂ ಅರ್ಧ ನಿಮಿಷ ವಿಶ್ರಾಂತಿ. ಸಣಕಲಿ ನಿನಗೆ ‘ಗೆರೆಯ ತಾತ’ ಎಂದು ಹೆಸರಿಟ್ಟಿದ್ದಾಳೆ. ಬೇಜಾರು ಮಾಡಿಕೊಳ್ಳಬೇಡ, ಪ್ರೀತಿಯಿಂದ ಇಟ್ಟದ್ದು.

ಒಂದು ದಿನ ನಿನ್ನ ಪ್ರಯಾಣಿಕರು ಜಗಳ ತೆಗೆದದ್ದು ನನಗೆ ಕೇಳಿಸಿತು. “ಮೂಲೇಲಿ ಇಳಿಸಪ್ಪಾ, ಎಲ್ರೂ ಇಳಿಸ್ತಾರೆ, ನಿಂಗೊಬ್ಬಂಗೇನು ಕೊಬ್ಬು?” ಎಂದು ಒಬ್ಬಳು ಸೀಟು ಬಡಿಯುತ್ತಿದ್ದಳು. ನೀನು ಹಿಂದೆ ತಿರುಗದೆ, “ಮೂಲೇಲಿ ಇಳಿದ್ರೆ ಆಸ್ಪತ್ರೆ, ನಿಲ್ದಾಣದಲ್ಲಿ ಇಳಿದ್ರೆ ಮನೆ. ಎಲ್ಲಿಗೆ ಹೋಗ್ಬೇಕಮ್ಮಾ?” ಅಂದೆ. ಅವಳೇ ಸಂಘಕ್ಕೆ ದೂರು ಕೊಟ್ಟವಳು. ನಿನ್ನ ಹೆಸರಿನ ಮುಂದಿನ ಎರಡನೆಯ ಕಪ್ಪು ಗುರುತು ಅದರಿಂದ ಬಂತು. ಮೊದಲನೆಯದು ಹೋದ ವರ್ಷದ ಆ ಅಪಘಾತದ್ದು. ಮೂರಾದರೆ ಲೈನಿನಿಂದ ಹೊರಗೆ, ಸಂಘದ ನಿಯಮ ನಮಗಿಬ್ಬರಿಗೂ ಬಾಯಿಪಾಠ.

ಮೂರನೆಯದು ಬಂದ ದಿನ, ಅಂದರೆ ಹೋದ ಗುರುವಾರ, ನಾನು ಅಲ್ಲೇ ಇದ್ದೆ. ನೀನು ಎಂದಿನಂತೆ ಗೆರೆಯ ಹಿಂದೆ ನಿಂತಿದ್ದೆ. ಕೋಲೂರಿಕೊಂಡು ಒಬ್ಬ ಅಜ್ಜಿ ದಾಟುತ್ತಿದ್ದರು, ಬೆನ್ನ ಮೇಲೆ ಬಣ್ಣದ ಬಟ್ಟೆಯ ಗಂಟು. ನಾನು ಅತ್ತಕಡೆ ಶಾಲೆಯ ಮಕ್ಕಳ ಜೊತೆಗಿದ್ದೆ. ನಮ್ಮದೇ ಲೈನಿನ ಇನ್ನೊಂದು ಮಿನಿಬಸ್ಸು ನಿನ್ನ ಪಕ್ಕದಿಂದ ಇಳಿಜಾರಿನಲ್ಲಿ ಭರ್ರನೆ ಬಂತು. ನಿನ್ನ ಗಾಡಿ ಮರೆಯಾಗಿದ್ದರಿಂದ ಆ ಡ್ರೈವರಿಗೆ ಅಜ್ಜಿ ಕಾಣಲಿಲ್ಲ, ಅಜ್ಜಿಗೆ ಅದು ಕಾಣಲಿಲ್ಲ. ನಾನು ನಿಯಮ ಗಿಯಮ ಎಲ್ಲ ಮರೆತು ಕೂಗಿದೆ. ನೀನು ಸ್ಟಿಯರಿಂಗ್ ತಿರುಗಿಸಿ ನಿನ್ನ ಗಾಡಿಯ ಮೂತಿಯನ್ನು ಅದಕ್ಕೆ ಅಡ್ಡ ಹಾಕಿದೆ. ತಗಡಿಗೆ ತಗಡು ಬಡಿಯಿತು. ಅಜ್ಜಿ ಒಂದು ಮಾರು ಈಚೆಗೆ ನಿಂತಿದ್ದರು, ಮೈಮೇಲೆ ಒಂದು ಗೀರೂ ಇಲ್ಲ.

ಆ ಡ್ರೈವರ್ ಇಳಿದು ಬಂದು, “ಕುರುಡಾ! ಹೆಂಗಸ್ರನ್ನ ಬೀಳಿಸಿ ಕೈ ನಡುಗೋಕೆ ಶುರುವಾದ್ಮೇಲೆ ಗಾಡಿ ಮಾರಿ ಮನೇಲಿ ಬಿದ್ಕೊಳ್ಳೋದು ತಾನೇ!” ಎಂದು ನಿನ್ನನ್ನು ಬೀದಿಯಲ್ಲಿ ಬೈದ. ನೀನೂ ಇಳಿದೆ. ನಜ್ಜುಗುಜ್ಜಾದ ದೀಪದ ಗಾಜನ್ನು ಆರಿಸಿ, ಯಾರ ಕಾಲಿಗೂ ಚುಚ್ಚದಂತೆ ಜೇಬಿಗೆ ಹಾಕಿಕೊಂಡೆ. ಆಗ ನನಗೆ ನಿನ್ನ ಮೇಲೆ ಎಂಥ ಹೆಮ್ಮೆ ಬಂತೆಂದರೆ, ಆ ಬಟ್ಟೆಯ ತಲೆಯೊಳಗೆ ಅತ್ತುಬಿಟ್ಟೆ. ಹದಿನೆಂಟು ವರ್ಷ ಪಕ್ಕದಲ್ಲೇ ಇದ್ದೂ ನೀನು ಎಷ್ಟು ದೊಡ್ಡ ಮನುಷ್ಯ ಎಂದು ತಿಳಿಯದ ದಡ್ಡಿ ನಾನು.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಬರೆಯುತ್ತೇನೆ.

ಆ ಅಜ್ಜಿಯನ್ನು ನಾನು ಕೈಹಿಡಿದು ಕಟ್ಟೆಯ ಮೇಲೆ ಕೂರಿಸಿದೆ. ಮುಖ ನೋಡಿದೆ. ದೋನ್ಯಾ ಹಿಲಾರಿಯಾ. ನಿನ್ನ ಗಾಡಿಯಿಂದ ಇಳಿಯುವಾಗ ಟ್ಯಾಕ್ಸಿ ಬಡಿದು ಕಾಲು ಮುರಿದುಕೊಂಡ ಅದೇ ದೋನ್ಯಾ ಹಿಲಾರಿಯಾ. ನಾನು ಮಾತಾಡದೆ ಎದ್ದು ಹೊರಟೆ. ಅವರು ನನ್ನ ಬಾಲ ಹಿಡಿದುಕೊಂಡರು.

“ಕೂತ್ಕೊ ಮಗಳೇ. ಜೀಬ್ರಾಗೂ ಕಾಲು ನೋಯುತ್ತೆ,” ಅಂದರು. “ನಿನ್ನ ದನಿ ನಂಗೆ ಗೊತ್ತಾಗಲ್ವಾ? ಅವತ್ತು ಆ ದನಿ ಕೇಳಿಯೇ ಅಲ್ವಾ ನಾನು ಇಳಿದದ್ದು.”

ಊರಿಗೆ ಗೊತ್ತಿಲ್ಲದ್ದು ನಮ್ಮಿಬ್ಬರಿಗೆ ಗೊತ್ತು. ಈಗ ತಿಳಿಯಿತು, ಅವರಿಗೂ ಗೊತ್ತಿತ್ತು. ಅವತ್ತು ಜನವರಿ ಇಪ್ಪತ್ನಾಲ್ಕು, ಪುಟಾಣಿ ಸಾಮಾನುಗಳ ಅಲಸಿತಾಸ್ ಜಾತ್ರೆಯ ದಿನ. ಆ ವರ್ಷ ನಾನು ಪುಟಾಣಿ ಮಿನಿಬಸ್ಸು ಕೊಳ್ಳಬೇಕೆಂದು ಹಟ ಹಿಡಿದಿದ್ದೆ, ವರ್ಷದೊಳಗೆ ನಮಗೆ ಎರಡನೆಯ ನಿಜವಾದ ಗಾಡಿ ಬರಲಿ ಎಂದು. ಮಧ್ಯಾಹ್ನ ಹನ್ನೆರಡು ಹೊಡೆಯುವಾಗ ಕೊಂಡರೆ ಮಾತ್ರ ಫಲ, ಹನ್ನೆರಡೂಕಾಲಿಗೆ ಕೊಂಡರೆ ಅದು ಬರೀ ಆಟದ ಸಾಮಾನು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು, ನಾವು ನಡುರಸ್ತೆಯಲ್ಲಿ ಸಿಕ್ಕಿಕೊಂಡಿದ್ದೆವು. ದೋನ್ಯಾ ಹಿಲಾರಿಯಾಗೂ ಅದೇ ಅವಸರ, ಅವರಿಗೆ ಪುಟಾಣಿ ಮನೆ ಬೇಕಿತ್ತು. ನೀನು ಸ್ಪಷ್ಟವಾಗಿ ಹೇಳಿದೆ: “ಬಾಗ್ಲು ತೆಗೀಬೇಡ ನೆಮೆಸಿಯಾ. ಮುಂದೆ ಪಕ್ಕಕ್ಕೆ ಹಾಕ್ತೀನಿ.” ನಾನು ತೆಗೆದೆ. “ಇಳೀರಿ, ಇಳೀರಿ, ಏನೂ ಬರ್ತಿಲ್ಲ!” ಎಂದು ಕೂಗಿದೆ. ನಾನು ನೋಡಿರಲಿಲ್ಲ, ಸತುರ್ನೀನೊ. ಬಲಗಡೆ ಸಂದಿಯಲ್ಲಿ ಟ್ಯಾಕ್ಸಿ ಬರುತ್ತಿತ್ತು, ನನ್ನ ಕಣ್ಣು ಗಡಿಯಾರದ ಮೇಲಿತ್ತು.

ಪೊಲೀಸರ ಮುಂದೆ ನೀನು, “ಬಾಗ್ಲು ತೆಗಿ ಅಂತ ನಾನೇ ಹೇಳಿದ್ದು,” ಎಂದೆ. ನಾನು ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದೆ. ಹತ್ತು ತಿಂಗಳು ನಿನ್ನ ಲೈಸೆನ್ಸ್ ಹೋಯಿತು. ಮನೆಯಲ್ಲಿ ನೀನು ಒಂದೇ ಒಂದು ದಿನವಾದರೂ ಬೈದಿದ್ದರೆ ನಾನು ಉಳಿಯುತ್ತಿದ್ದೆ. ನೀನು ಬೆಳಿಗ್ಗೆ ಎದ್ದು ಎಂದಿನಂತೆ ನನ್ನ ಮುಂದೆ ಬಿಸಿ ಚಹಾ ಇಡುತ್ತಿದ್ದೆ. ಅದನ್ನು ಕುಡಿಯಲು ನನ್ನಿಂದ ಆಗಲಿಲ್ಲ. ಹೊರಟು ಬಂದೆ. ಬಂದು ಅಕ್ಕನಿಗೆ, ಅಕ್ಕಪಕ್ಕದವರಿಗೆ, ನಮ್ಮ ಮಗಳಿಗೂ ಏನು ಹೇಳಿದೆ ಗೊತ್ತೇ? ಅಷ್ಟು ಬೇಜವಾಬ್ದಾರಿ ಡ್ರೈವರನ ಜೊತೆ ಬಾಳಲಾರೆ ಎಂದು ಹೇಳಿದೆ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ದೋನ್ಯಾ ಹಿಲಾರಿಯಾರನ್ನು ಕೇಳಿದೆ. “ಆಸ್ಪತ್ರೆಗೆ ಪ್ರತಿ ಭಾನುವಾರ ನಿನ್ನ ಗಂಡ ಸೂಪ್ ತರ್ತಿದ್ದ. ಹೆಂಡ್ತಿನ ಉಳಿಸ್ಕೋಬೇಕು ಅಂತ ಅವನು ಹಾಕಿದ್ದ ಗಂಟು, ನಾನ್ಯಾಕೆ ಬಿಚ್ಲಿ? ಬಿಚ್ಚೋಳು ನೀನು,” ಅಂದರು. ಆಮೇಲೆ ನನ್ನ ಬಟ್ಟೆಯ ಕಿವಿ ಹಿಂಡಿ, “ಈಗ ಬಿಚ್ಚು. ಅವನು ಅಲ್ಲಿ ಒಬ್ನೇ ಬೈಸ್ಕೊಳ್ತಿದಾನೆ, ನೋಡು,” ಅಂದರು. ಭಾನುವಾರದ ಸೂಪಿನ ವಿಷಯ ನೀನು ನನಗೆ ಯಾವತ್ತೂ ಹೇಳಿರಲಿಲ್ಲ.

ಲೆಕ್ಕ ಸುಲಭ. ಮೊದಲ ಕಪ್ಪು ಗುರುತು ನಿನ್ನದಲ್ಲ, ನನ್ನದು. ಅದು ಹೋದರೆ ನಿನಗೆ ಉಳಿಯುವುದು ಎರಡು. ಆ ಎರಡನ್ನೂ ನಾನಾಗಿದ್ದರೆ ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸುತ್ತಿದ್ದೆ. ನೀನು ಗಾಡಿ ಮಾರುವ ಯೋಚನೆಯಲ್ಲಿದ್ದೀಯ ಎಂದು ಕಿವಿಗೆ ಬಿತ್ತು. ಮಾರಬೇಡ. ನೀನು ಹೋದರೆ ಆ ಇಳಿಜಾರಿನಲ್ಲಿ ಗೆರೆಯ ಹಿಂದೆ ನಿಲ್ಲುವವರು ಯಾರಿದ್ದಾರೆ? ನಾವು ಬಾಲ ಬೀಸಿ ಎಷ್ಟು ಕುಣಿದರೂ, ಡ್ರೈವರನ ಕಾಲು ಬ್ರೇಕಿನ ಮೇಲೆ ಹೋಗದಿದ್ದರೆ ಅದೆಲ್ಲ ಬರೀ ಕುಣಿತ.

ಸಂಘದ ಕಾರ್ಯದರ್ಶಿ ದೋನ್ ವಲೇರಿಯಾನೊ ಅವರಿಗೆ ನಿಜ ಹೇಳಲು ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ. ಇಷ್ಟು ದಿನ ನನ್ನ ಹೆಸರನ್ನು ಕಾಪಾಡಿದವನು ನೀನು, ಕೇಳದೆ ಹೇಗೆ ಹೇಳಲಿ? ಈ ಪತ್ರ ತರುವವನ ಕೈಯಲ್ಲೇ ಉತ್ತರ ಕಳಿಸು. ಆಗದು ಎಂದು ಬರೆಯಬೇಡ. ರಾತ್ರಿ ಮಲಗುವಾಗ ಸೊಂಟಕ್ಕೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊ, ಮೀಸೆಯನ್ನು ಮತ್ತೆ ಬಿಡು.

ನಿನ್ನ ಬಾಗಿಲಲ್ಲಿ ಹದಿನೆಂಟು ವರ್ಷ ನಿಂತ,
ನೆಮೆಸಿಯಾ

ತಾ.ಕ.: ನಿನ್ನ ಉತ್ತರಕ್ಕೆ ಕಾಯಲಿಲ್ಲ. ನೀನು ಬೇಡ ಎನ್ನುತ್ತೀಯ, ನಾನು ಸರಿ ಎಂದು ಸುಮ್ಮನಾಗುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಪತ್ರ ಮುಗಿಸಿ, ಅಂಟಿಸುವ ಮೊದಲೇ ದೋನ್ ವಲೇರಿಯಾನೊ ಅವರ ಬಳಿ ಹೋಗಿ ಬಂದೆ. ದೋನ್ಯಾ ಹಿಲಾರಿಯಾ ಕೋಲೂರಿಕೊಂಡು ಜೊತೆಗೆ ಬಂದರು, ನನಗಿಂತ ಹೆಚ್ಚು ಅವರೇ ಮಾತಾಡಿದರು. ಕಾರ್ಯದರ್ಶಿ ನಿನ್ನ ಮೊದಲ ಗುರುತನ್ನು ನಮ್ಮೆದುರೇ ಹೊಡೆದುಹಾಕಿ ಅಲ್ಲಿ ನನ್ನ ಹೆಸರು ಬರೆದರು. ಇನ್ನು ಸಂಘದ ಯಾವ ಗಾಡಿಯ ಬಾಗಿಲಲ್ಲೂ ನಾನು ನಿಂತು ಕೂಗುವಂತಿಲ್ಲ, ಸಾಯುವವರೆಗೂ. ನಿನ್ನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಪ್ರಯಾಣಿಕಳ ಹಾಗೆ ಕೂತರೆ ಏನೂ ಅಭ್ಯಂತರವಿಲ್ಲವಂತೆ. ಅದನ್ನೂ ಕೇಳಿಕೊಂಡೇ ಬಂದೆ.