ಮೂವತ್ತನಾಲ್ಕು ಅಂಕದ ಜೀಪು

ಜೂನ್ ೪, ಬೆಳಿಗ್ಗೆ

ಮೊಣಕಾಲುಗಳಿಗೆ ಎಣ್ಣೆ ಹಚ್ಚಿದ್ದಾಯಿತು. ಎಡದ್ದು ಇಂದು ವಿಧೇಯ. ಬಲದ್ದು ಎಂದಿನಂತೆ ಉಡಾಳ. ಪತ್ರಿಕೆ ಓದಿದೆ. ಮುಖಪುಟದಲ್ಲೇ ಮೂರು ತಪ್ಪು. ಕೆಂಪು ಶಾಯಿಯಲ್ಲಿ ತಿದ್ದಿ ಮಡಿಸಿಟ್ಟೆ. ಯಾರೂ ನೋಡುವುದಿಲ್ಲ, ಆದರೂ ತಪ್ಪನ್ನು ತಪ್ಪಾಗಿಯೇ ಬಿಟ್ಟರೆ ಕಾಫಿ ರುಚಿಸುವುದಿಲ್ಲ.

ಮಗಳಿಗೆ ಗುಡ್ಡದ ಮೇಲಿನ ಹೊಸ ಪಶು ಚಿಕಿತ್ಸಾಲಯದ ಹೊಣೆ ಬಂದಿದೆ. ಅಲ್ಲಿಗೆ ಇದುವರೆಗೆ ಯಾವ ವೈದ್ಯರೂ ಹೋದದ್ದಿಲ್ಲ. ಮೇಲಧಿಕಾರಿಗಳು ಅವಳ ಹೆಸರನ್ನೇ ಸೂಚಿಸಿದ್ದಾರೆ. ಹದಿನೈದರೊಳಗೆ ಒಪ್ಪಿಗೆ ತಿಳಿಸಬೇಕು. ದಿನವೂ ಹೋಗಿಬರಲು ಸ್ವಂತ ವಾಹನ ಬೇಕು. ವಾಹನವಿಲ್ಲದಿದ್ದರೆ ಆ ಕೆಲಸವೂ ಇಲ್ಲ.

ಅವಳ ಮನಸ್ಸು ಬಿದ್ದಿರುವುದು ಒಂದು ಜೀಪಿನ ಮೇಲೆ. ಕಾರ್ಖಾನೆಯಿಂದ ಈಗಷ್ಟೇ ಹೊರಬಂದದ್ದು, ವೇಷ ಮಾತ್ರ ತಾತನ ಕಾಲದ್ದು. ದುಂಡು ದೀಪ, ಚಪ್ಪಟೆ ಬಾನೆಟ್, ಹೊರಗೇ ಕಾಣುವ ಕೀಲು.

"ಅಪ್ಪ, ನೀವು ನೋಡಿ ಪಾಸ್ ಮಾಡಿದ್ರೆ ಮಾತ್ರ ತಗೋತೀನಿ. ಮಗಳು ಅಂತ ಒಂದು ಮಾರ್ಕೂ ಜಾಸ್ತಿ ಹಾಕ್ಬಾರ್ದು."

ಹಾಕಿದವನೇ ಅಲ್ಲ. ಹತ್ತನೆಯ ತರಗತಿಯಲ್ಲಿ ಅವಳಿಗೇ ಅರ್ಧ ಅಂಕ ಕತ್ತರಿಸಿದ್ದೆ. ಎರಡು ದಿನ ಮಾತು ಬಿಟ್ಟಿದ್ದಳು. ಅವಳಲ್ಲ, ಅವಳ ತಾಯಿ.

ಜೂನ್ ೬, ಸಂಜೆ

ಶೋರೂಮಿಗೆ ಹೋಗಿಬಂದೆವು. ಮಾರುವವನು ನನ್ನ ಹಳೆಯ ವಿದ್ಯಾರ್ಥಿ, ಕೊನೆಯ ಬೆಂಚಿನವನು. ಕುತ್ತಿಗೆಗೆ ಟೈ ಬಂದಿದೆ, ಕಣ್ಣಿನ ಕಿಡಿಗೇಡಿತನ ಹೋಗಿಲ್ಲ.

ನೂರು ಅಂಕದ ಪ್ರಶ್ನೆಪತ್ರಿಕೆಯನ್ನು ರಾತ್ರಿಯೇ ಸಿದ್ಧಪಡಿಸಿದ್ದೆ. ಮೊದಲು ಗುಣ ನೋಡಿದೆ. ದೇಹ ಗಟ್ಟಿ. ಬಾಗಿಲು ಮುಚ್ಚಿದರೆ ಕಬ್ಬಿಣದ ಬೀರುವಿನ ಸದ್ದು. ನಾಲ್ಕು ಚಕ್ರಕ್ಕೂ ಬಲ ಹಂಚುವ ಪ್ರತ್ಯೇಕ ಸನ್ನೆ, ಗೇರಿನ ಪಕ್ಕದ ಸಣ್ಣ ಕೋಲು. ಹೊಟ್ಟೆ ನೆಲದಿಂದ ಬಹಳ ಮೇಲೆ. ದುಂಡು ದೀಪಗಳು ಪಾಠ ಕೇಳುವ ಮಕ್ಕಳ ಕಣ್ಣಿನಂತಿವೆ—ಇದಕ್ಕೆ ಅಂಕವಿಲ್ಲ, ಸುಮ್ಮನೆ ಬರೆದೆ.

ದೋಷಗಳು. ಬಾಗಿಲು ಎರಡೇ. ಹಿಂದೆ ಕೂರಲು ಮುಂದಿನ ಆಸನ ಮಡಚಿ ನುಸುಳಬೇಕು. ಸಾಮಾನಿಗೆ ಜಾಗ ಸಾಲದು. ಮೇಲ್ಛಾವಣಿ ಕ್ಯಾನ್ವಾಸು, ಗಾಳಿಗೆ ಪಟಪಟ. ಊರಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆವು. ರಸ್ತೆಯ ಪ್ರತಿಯೊಂದು ಕಲ್ಲೂ ನನ್ನ ಬೆನ್ನುಮೂಳೆಗೆ ಹಾಜರಿ ಹೇಳಿತು. ಮೆಟ್ಟಿಲು ಎತ್ತರ. ಬಲಗಾಲು ಏರಲು ಒಪ್ಪಲಿಲ್ಲ. ಕೊನೆಗೆ ಹಿಂದಿನಿಂದ ಮಗಳು, ಮುಂದಿನಿಂದ ಕೊನೆಯ ಬೆಂಚು—ಮೂಟೆಯಂತೆ ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಶೋರೂಮಿನ ಗಾಜಿನಾಚೆ ನಾಲ್ಕು ಜನ ನೋಡಿದರು. ಅವಮಾನ.

"ಸಾರ್, ನನಗಂತೂ ಕೊಡ್ಲಿಲ್ಲ. ಗಾಡಿಗಾದ್ರೂ ಗ್ರೇಸ್ ಮಾರ್ಕ್ಸ್ ಕೊಡಿ."

"ನೀನು ಕೇಳಿದಷ್ಟು ಸಲ ಓದಿದ್ದರೆ ಕೊಡುವ ಅಗತ್ಯವೇ ಬರುತ್ತಿರಲಿಲ್ಲ."

ಮಗಳು ನಕ್ಕಳು. ಬಾನೆಟ್ ಮೇಲೆ ಅಂಗೈ ಇಟ್ಟು ನಿಂತಿದ್ದಳು, ದನದ ಬೆನ್ನು ಸವರುವಂತೆ.

ಜೂನ್ ೭

ಫಲಿತಾಂಶ ಪ್ರಕಟಿಸಿದೆ. ಜೀಪು: ಮೂವತ್ತನಾಲ್ಕು. ತೇರ್ಗಡೆಗೆ ಒಂದು ಕಡಿಮೆ. ಪಕ್ಕದಲ್ಲೇ ನಿಲ್ಲಿಸಿದ್ದ ಬೂದು ಬಣ್ಣದ ಊರ ಕಾರು: ಎಪ್ಪತ್ತೊಂದು. ನಾಲ್ಕು ಬಾಗಿಲು, ಮೆತ್ತನೆಯ ಆಸನ, ತಗ್ಗು ಮೆಟ್ಟಿಲು.

"ಸರಿ ಅಪ್ಪ," ಎಂದಳು. ಅಷ್ಟೇ. ವಾದವಿಲ್ಲ.

ಸುಶಿಕ್ಷಿತ ಮಗಳು. ತೀರ್ಪನ್ನು ಗೌರವಿಸಲು ಬರುತ್ತದೆ.

ಜೂನ್ ೧೨, ಮಧ್ಯಾಹ್ನ

ನಾಲ್ಕು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ನಡೆಯಲಿಲ್ಲ ಎಂದುಕೊಂಡಿದ್ದೆ. ನಡೆದಿತ್ತಂತೆ.

ಹೆಂಡತಿ ಬಟ್ಟೆ ಮಡಚುತ್ತ ಹೇಳಿದಳು. "ರೀ, ಮಗಳು ಗುಡ್ಡಕ್ಕೆ ಹೋಗಲ್ವಂತೆ. ನಾಳೆ ನಾಡಿದ್ದು ತಿಳಿಸಿಬಿಡ್ತಾಳಂತೆ."

"ಏಕೆ? ಎಪ್ಪತ್ತೊಂದು ಅಂಕದ ಕಾರಿದೆಯಲ್ಲ?"

"ಆ ಕಾರು ಕಲ್ಲುಕ್ವಾರಿ ದಾಟಲ್ಲ. ಆಮೇಲೆ ರಸ್ತೆನೇ ಇಲ್ಲ, ಹಳ್ಳ ಇದೆ. ನಿಮ್ಮನ್ನ ಬಿಟ್ಟು ಇಡೀ ಬೀದಿಗೇ ಗೊತ್ತು."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ಏನಂತಿದ್ರಿ? ಪರೀಕ್ಷಕರ ಮೇಲೆ ಒತ್ತಡ ತರಬಾರದು ಅಂತಿದ್ರಿ. ನೀವು ಕಲಿಸಿದ್ದನ್ನ ಅವಳು ಮರೆತಿಲ್ಲ, ಅದೇ ಗ್ರಹಚಾರ."

ಮಡಚಿದ ನನ್ನ ಅಂಗಿಯನ್ನು ಮತ್ತೆ ಬಿಡಿಸಿ ಮಡಚಿದಳು. ಸಿಟ್ಟು ಬಂದಾಗ ಹೀಗೆ ಮಾಡುತ್ತಾಳೆ.

ಕುಳಿತು ಪ್ರಶ್ನೆಪತ್ರಿಕೆಯನ್ನು ಮತ್ತೊಮ್ಮೆ ಓದಿದೆ. ಹತ್ತು ಪ್ರಶ್ನೆ. ಬಹುಪಾಲು ನನ್ನ ಮೊಣಕಾಲು, ನನ್ನ ಬೆನ್ನು, ನನ್ನ ಕಿವಿಗೆ ಸಂಬಂಧಿಸಿದವು. ಗುಡ್ಡದ ಬಗ್ಗೆ ಒಂದೂ ಇಲ್ಲ. ಹಸುವಿನ ಬಗ್ಗೆ ಒಂದೂ ಇಲ್ಲ. ಗುಡ್ಡ ಹತ್ತುವ ವಾಹನವನ್ನು ಊರ ರಸ್ತೆಯಲ್ಲಿ, ಇಸ್ತ್ರಿ ಅಂಗಿ ತೊಟ್ಟು, ಹಿಂದಿನ ಸೀಟಿನಿಂದ ಪರೀಕ್ಷಿಸಿದ್ದೇನೆ. ಪಠ್ಯದಲ್ಲಿಲ್ಲದ ಪ್ರಶ್ನೆ ಕೇಳಿದ ಪರೀಕ್ಷಕನನ್ನು ನಾನಾಗಿದ್ದರೆ ಸುಮ್ಮನೆ ಬಿಡುತ್ತಿದ್ದೆನೆ?

ಕೊನೆಯ ಬೆಂಚಿಗೆ ಫೋನ್ ಮಾಡಿದೆ. ನಾಳೆ ಮರುಪರೀಕ್ಷೆ. ಸ್ಥಳ: ಕ್ವಾರಿಯ ಆಚೆ.

ಜೂನ್ ೧೩, ಸಂಜೆ

ಹಗ್ಗ ಎಳೆದ ಅಂಗೈ ಇನ್ನೂ ಉರಿಯುತ್ತಿದೆ. ಅಕ್ಷರ ದುಂಡಗಾಗುತ್ತಿಲ್ಲ. ಇರಲಿ.

ಮಗಳೇ ಓಡಿಸಿದಳು. ನಾನು ಮುಂದೆ, ಕೊನೆಯ ಬೆಂಚು ಹಿಂದೆ. ಕ್ವಾರಿ ದಾಟಿದೆವು, ರಸ್ತೆ ಮುಗಿಯಿತು. ಹಳ್ಳದ ಅಂಚಿನಲ್ಲಿ ನಿಲ್ಲಿಸಿ ಆ ಸಣ್ಣ ಸನ್ನೆಯನ್ನು ಎಳೆದಳು. ಅವಸರವಿಲ್ಲ. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ನೀರಿನಲ್ಲಿ. ಜೀಪು ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗುವಿನಂತೆ ನಿಧಾನವಾಗಿ, ಆದರೆ ಎಲ್ಲಿಯೂ ತೊದಲದೆ ಆಚೆ ದಡ ಸೇರಿತು. ನಾನು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದೆ. ಬೆರಳಿನ ಗುರುತು ಉಳಿದಿರಬಹುದು.

"ಭಯ ಆಯ್ತಾ ಅಪ್ಪ?"

"ಪರೀಕ್ಷಕನನ್ನು ಮಾತಾಡಿಸಬಾರದು."

ಮೇಲಿನ ದಿನ್ನೆಯಲ್ಲಿ ಒಬ್ಬ ಹೆಂಗಸು ಕೈ ಬೀಸುತ್ತ ಓಡಿಬಂದಳು. ದನಗಾಹಿ. ಊರಿನ ದನದ ಆಸ್ಪತ್ರೆಯಲ್ಲಿ ಮಗಳನ್ನು ನೋಡಿದ್ದಳೆಂದು ತೋರುತ್ತದೆ. "ಡಾಕ್ಟ್ರಮ್ಮ, ಹೊಟ್ಟೇಲಿ ಕರು ಅಡ್ಡ ನಿಂತ್ಕೊಂಡಿದೆ. ಹಸು ಬೆಳಗಿಂದ ತಿಣುಕ್ತಾ ಇದೆ. ಇನ್ನು ತಡ್ಕೊಳಲ್ಲ."

ಹಸು ಇಳಿಜಾರಿನಲ್ಲಿ ಮಲಗಿತ್ತು. ಜೀಪು ಅದರ ಪಕ್ಕಕ್ಕೇ ಹೋಗಿ ನಿಂತಿತು. ಮಗಳು ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟಳು. ಎಲ್ಲಿಗೆ ಹೋದರೂ ಜೊತೆಗಿರುವ ಔಷಧದ ಪೆಟ್ಟಿಗೆಯನ್ನು ಆ ಚಪ್ಪಟೆ ಬಾನೆಟ್ ಮೇಲೆ ತೆರೆದಿಟ್ಟಳು. ಮೇಜಿನ ಮೇಲಿಟ್ಟಂತೆ ಕದಲದೆ ಕುಳಿತಿತು. ತೋಳಿಗೆ ಸೋಪು ಹಚ್ಚಿದಳು. ಕೆಸರಿನಲ್ಲಿ ಮಲಗಿ ಭುಜದವರೆಗೆ ಕೈ ಒಳಗಿಟ್ಟಳು. ಕಣ್ಣು ಮುಚ್ಚಿದ್ದಳು. ಏನನ್ನೋ ಬೆರಳಿನಲ್ಲೇ ಓದುತ್ತಿದ್ದಳು.

"ಹಗ್ಗ ಕೊಡಿ ಅಪ್ಪ. ಅದಲ್ಲ, ತೆಳ್ಳಗಿರೋದು. ಬೇಗ."

ಇಷ್ಟು ಚುಟುಕಾಗಿ ನನಗೆ ಯಾರೂ ಆಜ್ಞೆ ಮಾಡಿದ್ದಿಲ್ಲ. ಕೊಟ್ಟೆ. ಹಸು ನರಳಿದಾಗಲೆಲ್ಲ ಮಗಳು ಅದರ ತೊಡೆಗೆ ಕೆನ್ನೆಯೊತ್ತಿ ಹೇಳುತ್ತಿದ್ದಳು, "ಆಯ್ತು ತಾಯಿ, ಆಗೋಯ್ತು, ನನ್ನವ್ವ" ಎಂದು. ಕರುವನ್ನು ಒಳಗೇ ತಿರುಗಿಸಿದಳು. ಕಾಲು ಸಿಕ್ಕಿದ ಮೇಲೆ ನಾಲ್ವರೂ ಎಳೆದೆವು. ಕೊನೆಯ ಬೆಂಚು ಟೈ ಸಮೇತ ಕೆಸರಿಗೆ ಬಿದ್ದ. ಅವನ ಎದೆಯ ಮೇಲೆಯೇ ಕರು ಜಾರಿತು.

ಉಸಿರಿಲ್ಲ. ಮಗಳು ಅದರ ಮೂಗು ಒರೆಸಿ, ಹುಲ್ಲಿನ ಕಡ್ಡಿಯಿಂದ ಕೆಣಕಿ, ಪಕ್ಕೆಯನ್ನು ಜೋರಾಗಿ ಉಜ್ಜಿದಳು. ಮತ್ತೆ ಉಜ್ಜಿದಳು. ಕರು ಸೀನಿತು.

ದನಗಾಹಿ ನನ್ನತ್ತ ತಿರುಗಿ, "ನಿಮ್ಮ ಮಗಳಾ ಯಜಮಾನ್ರೇ?" ಎಂದಳು.

"ಹೌದು."

ಒಂದೇ ಪದ. ನನ್ನ ಇಡೀ ಅಧ್ಯಾಪನದಲ್ಲಿ ಅಷ್ಟು ಸರಿಯಾದ ಉತ್ತರವನ್ನು ನಾನು ಕೇಳಿರಲಿಲ್ಲ, ಹೇಳಿಯೂ ಇರಲಿಲ್ಲ.

ಜೀಪಿನ ಬಳಿ ಬಂದಾಗ ಹೊಳೆಯಿತು—ಇಳಿಯುವಾಗ ನನ್ನನ್ನು ಯಾರೂ ಹಿಡಿದಿರಲಿಲ್ಲ. ಹತ್ತುವಾಗ ಮಾತ್ರ ಬಲಗಾಲು ಮತ್ತೆ ಹಟ ಹಿಡಿಯಿತು. ದನಗಾಹಿ ಹಾಲಿನ ಬಕೆಟ್ಟನ್ನು ಕವುಚಿ ಇಟ್ಟಳು. ಅದರ ಮೇಲೆ ಕಾಲಿಟ್ಟು ಹತ್ತಿದೆ. ಎಲ್ಲರೂ ನೋಡಿದರು. ನೋಡಲಿ.

ಜೂನ್ ೧೪

ಊಟಕ್ಕೆ ಕುಳಿತಾಗ ಘೋಷಿಸಿದೆ. "ಹಳೆಯ ಪ್ರಶ್ನೆಪತ್ರಿಕೆ ರದ್ದು. ಹೊಸದರಲ್ಲಿ ಎಂಬತ್ತೆಂಟು."

"ಹನ್ನೆರಡು ಎಲ್ಲಿ ಹೋಯ್ತು?" ಮಗಳು.

"ಛಾವಣಿ ಪಟಪಟ ಅನ್ನುತ್ತದೆ. ಸಾಮಾನಿಗೆ ಜಾಗವಿಲ್ಲ. ಅದು ಸುಳ್ಳಲ್ಲ."

"ಮತ್ತೆ ನಿಮ್ಮ ಕಾಲು? ವಾರಕ್ಕೊಂದ್ಸಲ ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಹೇಗೆ?"

ಇದಕ್ಕೇ ಅವಳು ವಾದಿಸದೆ "ಸರಿ" ಎಂದದ್ದು. ನೀರು ಕುಡಿದೆ.

"ಆಟೋ ಇದೆ. ನನ್ನ ಮೊಣಕಾಲಿಗೋಸ್ಕರ ಒಂದು ಗುಡ್ಡವನ್ನು ಫೇಲ್ ಮಾಡುವುದಕ್ಕಾಗುವುದಿಲ್ಲ. ನಾಳೆ ಬೆಳಿಗ್ಗೆಯೇ ಒಪ್ಪಿಗೆ ತಿಳಿಸು."

ಇವಳು ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು. ನಮ್ಮ ಮನೆಯಲ್ಲಿ ಪ್ರಶಸ್ತಿ ಪ್ರದಾನವೆಂದರೆ ಇದೇ.

ಜುಲೈ ೧, ಬೆಳಿಗ್ಗೆ

ಇಂದು ಅವಳು ಅಧಿಕಾರ ವಹಿಸಿಕೊಳ್ಳುವ ದಿನ. ಜೀಪು ಗೇಟಿನಲ್ಲಿ ನಿಂತಿದೆ. ಹಸಿರು ಬಣ್ಣ. ನೆರೆಮನೆಯ ನಿವೃತ್ತ ಬಸ್ ಡ್ರೈವರ್ ಸುತ್ತು ಹಾಕಿ ನೋಡಿದ. "ಏನ್ ಮೇಷ್ಟ್ರೇ, ಈ ವಯಸ್ಸಿಗೆ ಮಿಲಿಟರಿ ಸೇರಿದ್ರಾ?" ಗುಣದೋಷಗಳನ್ನು ಸವಿಸ್ತಾರವಾಗಿ ವಿವರಿಸಿದೆ. ನೆಲದಿಂದ ಹೊಟ್ಟೆಯ ಎತ್ತರ, ಸಣ್ಣ ಸನ್ನೆಯ ಉಪಯೋಗ, ಬಾನೆಟ್ಟಿನ ಸಮತಲ. ನಡುವೆ ಎರಡು ಸಲ ಕಾರಣವಿಲ್ಲದೆ "ನಮ್ಮ ಡಾಕ್ಟರು" ಎಂದೆನಂತೆ. ಇವಳು ಎಣಿಸಿದ್ದಾಳೆ.

ಮೊದಲ ದಿನ ನಾವಿಬ್ಬರೂ ಜೊತೆಗೆ ಬರಲೇಬೇಕಂತೆ. ಇವಳು ಆಗಲೇ ಮುಂದಿನ ಸೀಟು ಮಡಚಿ, ಹಿಂದೆ ನುಸುಳಿ, ಕೊಡೆ ಹಿಡಿದು ಕುಳಿತಿದ್ದಾಳೆ. ಅರವತ್ತಾರರ ಹೆಂಗಸು, ಕಿಸಕಿಸ ನಗುತ್ತಿದ್ದಾಳೆ. ಇದನ್ನೂ ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಕೇಳಿರಲಿಲ್ಲ.

ಮಗಳು ಹಾರ್ನ್ ಹೊಡೆಯುತ್ತಿದ್ದಾಳೆ. ಮನೆಯ ಮುಂದೆ ಹಾರ್ನ್ ಹೊಡೆಯುವುದು ಶುದ್ಧ ಅಸಭ್ಯತನವೆಂದು ನಾನು ಈ ಬೀದಿಗೆಲ್ಲ ಬೋಧಿಸಿದವನು. ಎರಡನೆಯ ಸಲ. ಬೀದಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದಾರೆ. ಮೂರನೆಯ ಸಲ ಹೊಡೆಯಲಿ ಎಂದೇ ಕಾಯುತ್ತ ಬರೆಯುತ್ತಿದ್ದೇನೆ—

ಹೊಡೆದಳು. ಬಂದೆ, ಡಾಕ್ಟ್ರೇ, ಬಂ