ಕೊನೇ ಸ್ಲೈಡಿನ ವಿಡಿಯೋ

ಗುಂಡಾ,

ಅಪ್ಪನ ಶ್ರದ್ಧಾಂಜಲಿ ಸಭೆಗೆ ಕುರ್ಚಿ ಹಾಕಿಸೋಕೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ, ತಿಂದು ಬಾ. ನನಗೆ ಹಸಿವೂ ಇಲ್ಲ, ಅಳುವೂ ಬರ್ತಿಲ್ಲ.

ಸ್ಲೈಡುಗಳಲ್ಲಿ ನೀನು ಅಂಟಿಸಿದ್ದ ಮಿಣುಕೋ ಮೇಣದಬತ್ತಿ, ರೆಕ್ಕೆ ಬಡಿಯೋ ಪಾರಿವಾಳ ಎಲ್ಲಾ ತೆಗೆದುಹಾಕಿದೆ. ಅಪ್ಪ ಬಸ್ ಓಡಿಸ್ತಿದ್ದೋರು ಕಣೋ, ಪಾರಿವಾಳ ಸಾಕಿದೋರಲ್ಲ.

ಕೊನೇ ಸ್ಲೈಡಿನಲ್ಲಿ ಅಪ್ಪ ಡ್ರೈವರ್ ಸೀಟಿಂದ ಕೈ ಬೀಸೋ ವಿಡಿಯೋ ಇದೆ. ಪೆನ್‌ಡ್ರೈವಿಗೆ ಸ್ಲೈಡಿನ ಜೊತೆ ಆ ವಿಡಿಯೋನೂ ಕಾಪಿ ಮಾಡು, ಇಲ್ಲದಿದ್ರೆ ಅಲ್ಲಿ ಬರೀ ಕಪ್ಪು ಚೌಕ ಕಾಣುತ್ತೆ.

ಧ್ವನಿ ತೆಗೆದಿದ್ದೀನಿ, ನೀನು ಹಾಕಬೇಡ. "ಸಾಕಪ್ಪಾ, ಎಷ್ಟು ಸಲ ಬೀಸ್ತೀಯ, ಹೊರಡು" ಅಂತ ಅದರಲ್ಲಿ ರೇಗ್ತಿರೋಳು ನಾನೇ.

ಮುಗಿದ ತಕ್ಷಣ ಮತ್ತೆ ಶುರುವಾಗೋ ಹಾಗೆ ಇಟ್ಟಿದ್ದೀನಿ. ನಿಲ್ಲಿಸಬೇಡ. ಎಲ್ಲರೂ ಎದ್ದು ಹೋಗೋವರೆಗೂ ಬೀಸ್ತಾ ಇರಲಿ.

ಅಕ್ಕ