ಮೊದಲ ಕಾರನ್ನು ಓಡಿಸುವ ಸರದಿ

ಕವೆಂಟ್ರಿ, ಮಂಗಳವಾರ

ಅಪ್ಪಾ,

ನಮ್ಮ ಕಾರ್ಖಾನೆಯ ಹೊಸ ಮಾದರಿಯ ಮೊದಲ ಕಾರು ಶುಕ್ರವಾರ ಗೇಟು ದಾಟಲಿದೆ. ದಿನ ಖಚಿತವಾಯಿತೆಂದು ಯೂನಿಯನ್‌ನ ಮಾರೀನ್ ಇವತ್ತು ಕ್ಯಾಂಟೀನಿನಲ್ಲಿ ಹೇಳಿದಳು. ವಾಡಿಕೆಯಂತೆ ಅದನ್ನು ನಿವೃತ್ತರಲ್ಲಿ ಹಿರಿಯರು ಓಡಿಸಬೇಕು. ಈ ಸಲ ಸರದಿ ನಿನ್ನದು.

"ಭಾರತದವ್ರು ಕೊಂಡ್ಕೊಂಡ ಕಾರ್ಖಾನೆ ಗಾಡೀನ ನಾನ್ಯಾಕೆ ಮುಟ್ಲಿ? ಬ್ರಿಟಿಷ್ ಕಾರು ಅಂದ್ರೆ ನನ್ದು, ನೋಡು!" ಎಂದು ಭಾನುವಾರ ಊಟಕ್ಕೆ ಕುಳಿತಾಗ ಈ ಮಾತೆತ್ತಿದ್ದಕ್ಕೆ ನೀನು ಗುಡುಗಿದೆ. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ನಿನ್ನ ಕಾರಿನ ಕನ್ನಡಿಗಳ ಮೇಲೆ ನಮ್ಮ ಬ್ರಿಟಿಷ್ ಬಾವುಟವಿದೆ, ನಿಜ. ಬಾಗಿಲಿನ ಅಂಚಿನ ತಗಡಿನಲ್ಲಿ ಮಾತ್ರ ಹಾಲೆಂಡಿನಲ್ಲಿ ತಯಾರಾದದ್ದು ಎಂದು ಬರೆದಿದೆ. ಶುಕ್ರವಾರದ ಕಾರಿಗೆ ಬಾಗಿಲು ಕೂರಿಸಿದವಳು ನಾನು, ನೀನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು. ಮಾಲೀಕರು ನಿನ್ನ ಕಾಲದಲ್ಲೂ ಬದಲಾಗಿದ್ದರು. ನೀನು ಕೆಲಸ ಬಿಡಲಿಲ್ಲ.

ನೀನು ಬಾರದಿದ್ದರೆ ನಿನ್ನ ನಂತರದ ಹಿರಿಯ ಸ್ಟ್ಯಾನ್ ಪಾರ್ಜಿಟರ್ ಓಡಿಸುತ್ತಾನೆ. "ಅವ್ನಿಗೆ ಗೇರ್ ಹಾಕೋದೇ ಮರ್ತೋಗಿದೆ, ಬಾವುಟದ ಮಾತೆಲ್ಲಾ ಬರೀ ನೆಪ," ಎಂದು ಪಬ್ಬಿನಲ್ಲಿ ನಿನ್ನ ಬಗ್ಗೆ ಆಗಲೇ ನಗುತ್ತಿದ್ದಾನೆ.

ಟೋಪಿ, ಕಂಪನಿಯ ಹಳೆಯ ಕೋಟು ತೆಗೆದಿಡು. ನಿನ್ನ ಕಾರು ತರಬೇಡ, ಗೇಟಿನೊಳಗೆ ಬಿಡುವುದಿಲ್ಲ. ಇಲ್ಲಿ ತಯಾರಾದ ಕಾರಿಗಷ್ಟೇ ಒಳಗೆ ಜಾಗ ಎಂಬ ನಿಯಮ ಮಾಡಿಸಿದವನು ನೀನೇ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಕಾರಿನಲ್ಲಿ ಬಂದು ನಿನ್ನನ್ನು ಕರೆದೊಯ್ಯುತ್ತೇನೆ.

ನಿನ್ನ ಮಗಳು,
ಲೋರ್ನಾ